ಚಿಕ್ಕಪ್ಪನ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದು



ಹೋದ ಸಲದ ಗೋಡೆ ಪತ್ರಿಕೆಗೆ ನಾನು ಬರೀ ಐದು ಒಗಟು ಬರೆದಿದ್ದೆ. ಈ ಸಲ ವಿಜ್ಞಾನದ ಲೇಖನವನ್ನೇ ಬರೆಯಬೇಕು ಎಂದು ಮೇಷ್ಟ್ರು ಹೇಳಿದರು. ಪುಸ್ತಕ ನೋಡಿ ಇಳಿಸಬೇಡ, ನೀನು ಕಣ್ಣಾರೆ ನೋಡಿದ್ದನ್ನು ಬರಿ ಎಂದೂ ಹೇಳಿದರು. ದಸರಾ ರಜೆಯಲ್ಲಿ ನಾನು ಕಣ್ಣಾರೆ ನೋಡಿದ್ದು, ಕೈಯಾರೆ ಮಾಡಿದ್ದು, ಮಾಡುತ್ತಾ ತಪ್ಪಿದ್ದು ಒಂದು ಕೆಲಸ ಇದೆ. ಅದನ್ನೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ. ಬೆಲ್ ಹೊಡೆದರೆ ನಾಳೆ ಬಂದು ಮಿಕ್ಕಿದ್ದು ಓದಿ.

ನಮ್ಮ ಚಿಕ್ಕಪ್ಪ ಮದುವೆ, ಗೃಹಪ್ರವೇಶ, ನಾಮಕರಣಗಳಿಗೆ ಹೋಗಿ ವೀಡಿಯೋ ತೆಗೆಯುತ್ತಾರೆ. ತೆಗೆದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಸೇರಿಸಿ ಕೊಡುವುದೂ ಅವರೇ. ಅದಕ್ಕೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಮಡಗಿದ್ದಾರೆ. ಅದು ಹಳೇದು. ರಾತ್ರಿ ಊಟ ಆದ ಮೇಲೆ ಒಂದು ಮದುವೆಯ ವೀಡಿಯೋ ತಯಾರಾಗಲು ಬಿಟ್ಟು ಮಲಗಿದರೆ, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದರೂ ಮುಗಿದಿರುತ್ತಿರಲಿಲ್ಲ. ನಡುವೆ ಜಾಸ್ತಿ ಹೊತ್ತು ಕರೆಂಟ್ ಹೋದರೆ ಮತ್ತೆ ಮೊದಲಿಂದ. ಹೇಳಿದ ದಿನಕ್ಕೆ ಕೊಡಲು ಆಗದೆ ಎರಡು ಮದುವೆಯವರು ಮುಂದಿನ ಕಾರ್ಯಕ್ಕೆ ಬೇರೆಯವರನ್ನು ಕರೆದರು.

ಹೊಸ ಕಂಪ್ಯೂಟರ್ ತೆಗೆದುಕೊಳ್ಳೋಷ್ಟು ದುಡ್ಡಿಲ್ಲ. ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಇದೇ ಕಂಪ್ಯೂಟರ್ ಬೇಗ ಕೆಲಸ ಮಾಡುತ್ತೆ ಎಂದು ಚಿಕ್ಕಪ್ಪನ ಸ್ನೇಹಿತರು ಹೇಳಿದರು. ಅವ್ವ ಸಂಘದಲ್ಲಿ ಆರು ಸಾವಿರ ಸಾಲ ಎತ್ತಿಕೊಟ್ಟರು. ಚಿಕ್ಕಪ್ಪ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಯಾರೋ ಉಪಯೋಗಿಸಿದ್ದ ಒಂದು ಕಾರ್ಡ್ ತಂದರು. ಎಸ್.ಪಿ. ರಸ್ತೆ ಎಂದರೆ ಸಾದರ ಪತ್ರಪ್ಪ ರಸ್ತೆ. ಟೌನ್ ಹಾಲ್ ಹತ್ತಿರ ಇದೆ. ಕಂಪ್ಯೂಟರಿನ ಬಿಡಿಭಾಗಗಳಿಗೆ ಹೆಸರಾದ ಬೀದಿ ಅದು. ಏಳು ದಿನದೊಳಗೆ ಕೆಟ್ಟರೆ ತಂದುಕೊಡಿ, ಆಮೇಲೆ ನಾವು ಕೇಳೋದಿಲ್ಲ ಎಂದು ಅಂಗಡಿಯಲ್ಲಿ ಹೇಳಿದ್ದರಂತೆ.

ಗ್ರಾಫಿಕ್ಸ್ ಕಾರ್ಡ್ ಎಂದರೇನು?

ಮೊದಲು ಒಂದು ಮಾತು. ನಾವೆಲ್ಲ ಕಂಪ್ಯೂಟರಿನ ಇಡೀ ಡಬ್ಬಕ್ಕೆ ಸಿಪಿಯು ಎನ್ನುತ್ತೇವೆ. ಅದು ಸರಿಯಲ್ಲ. ಡಬ್ಬದ ಹೆಸರು ಕ್ಯಾಬಿನೆಟ್. ಒಳಗೆ ಹಸಿರೋ ಕಪ್ಪೋ ಬಣ್ಣದ ಒಂದು ದೊಡ್ಡ ಹಲಗೆ ಇರುತ್ತೆ, ಅದು ಮದರ್‌ಬೋರ್ಡ್. ಅದರ ಮೇಲೆ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಚಿಪ್ಪು ಇರುತ್ತೆ. ಲೆಕ್ಕ ಮಾಡುವ ಆ ಚಿಪ್ಪೇ ಸಿಪಿಯು, ಅಂದರೆ ಪ್ರೊಸೆಸರ್.

ಪರದೆಯ ಮೇಲೆ ಕಾಣುವ ಚಿತ್ರವೆಲ್ಲ ಚಿಕ್ಕ ಚಿಕ್ಕ ಚುಕ್ಕೆಗಳಿಂದ ಆಗಿರುತ್ತೆ. ನಮ್ಮ ಅಕ್ಕಂದಿರು ಚುಕ್ಕಿ ಇಟ್ಟು ರಂಗೋಲಿ ಬಿಡೋದಿಲ್ಲವೇ, ಹಾಗೆ. ಚಿಕ್ಕಪ್ಪ ತೆಗೆಯುವ ವೀಡಿಯೋದ ಒಂದು ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆ. ನಾನು ಗುಣಾಕಾರ ಮಾಡಿದೆ. 20,73,600 ಬಂತು. ಒಂದು ಸೆಕೆಂಡಿನ ವೀಡಿಯೋದಲ್ಲಿ ಇಂಥ 25 ಚಿತ್ರಗಳು. ಅಂದರೆ 5,18,40,000 ಚುಕ್ಕೆ. ಒಂದು ಗಂಟೆಯ ಮದುವೆ ವೀಡಿಯೋಗೆ 90,000 ಚಿತ್ರಗಳು! ಮದುವೆಮನೆ ಕತ್ತಲಾಗಿದೆ, ಸ್ವಲ್ಪ ಬೆಳಕು ಮಾಡು ಎಂದು ಚಿಕ್ಕಪ್ಪ ಒಂದು ಗುಂಡಿ ಒತ್ತಿದರೆ, ಕಂಪ್ಯೂಟರ್ ಅಷ್ಟೂ ಚುಕ್ಕೆಗೂ ಒಂದೊಂದಾಗಿ ಲೆಕ್ಕ ಹಾಕಬೇಕು.

ಇದು ಹೇಗೆಂದರೆ, ನಮ್ಮೂರಿನ ಚೆಂಡು ಹೂವಿನ ಹೊಲ ಇದ್ದ ಹಾಗೆ. ಮಳೆಗಾಲದಲ್ಲಿ ಊಟಿ ರಸ್ತೆಯ ಪಕ್ಕ ಹಳದಿ ಹಾಸಿದ ಹಾಗೆ ಕಾಣುತ್ತಲ್ಲ, ಕೇರಳದವರು ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಾರಲ್ಲ, ಆ ಹೊಲ. ಎರಡು ಎಕರೆ ಹೂವನ್ನು ಗಾಡಿ ಬರೋದರೊಳಗೆ ಬಿಡಿಸಬೇಕು. ಒಬ್ಬ ಮೇಸ್ತ್ರಿ ಇದ್ದಾನೆ. ಅವನಿಗೆ ಪಂಪ್‌ಸೆಟ್ ರಿಪೇರಿ ಬರುತ್ತೆ, ಲೆಕ್ಕ ಬರುತ್ತೆ, ಔಷಧಿ ಹೊಡೆಯೋದು ಬರುತ್ತೆ. ಆದರೆ ಅವನೊಬ್ಬನೇ ಹೂವು ಬಿಡಿಸಿದರೆ ಸಂಜೆಗೂ ಮುಗಿಯೋದಿಲ್ಲ. ಐವತ್ತು ಆಳು ಸಾಲಿಗೊಬ್ಬರಂತೆ ನಿಂತರೆ ಬೆಳಿಗ್ಗೆ ಊಟದ ಹೊತ್ತಿಗೆ ಮುಗಿಯುತ್ತೆ. ಏಕೆಂದರೆ ಎಲ್ಲರದೂ ಒಂದೇ ಕೆಲಸ, ಒಬ್ಬರು ಇನ್ನೊಬ್ಬರಿಗೆ ಕಾಯಬೇಕಾಗಿಲ್ಲ.

ಪ್ರೊಸೆಸರ್ ಆ ಮೇಸ್ತ್ರಿಯ ಹಾಗೆ. ಚಿಕ್ಕಪ್ಪನ ಪ್ರೊಸೆಸರಿನಲ್ಲಿ ಇಂಥ ಮೇಸ್ತ್ರಿಗಳು ನಾಲ್ಕು ಜನ. ಅವಕ್ಕೆ ಕೋರ್ ಎನ್ನುತ್ತಾರೆ. ಗ್ರಾಫಿಕ್ಸ್ ಕಾರ್ಡಿನ ಚಿಪ್ಪು ಹೂವು ಬಿಡಿಸುವ ಆಳುಗಳ ಗುಂಪಿನ ಹಾಗೆ. ಚಿಕ್ಕಪ್ಪ ತಂದದ್ದು ಎನ್‌ವಿಡಿಯಾ ಕಂಪನಿಯ ಜಿಫೋರ್ಸ್ ಜಿಟಿಎಕ್ಸ್ 1050 ಟಿಐ ಎಂಬ ಚಿಪ್ಪಿರುವ ಕಾರ್ಡ್. ಈ ಮಾದರಿ 2016ರಲ್ಲಿ ಬಂದದ್ದು. ಇದರಲ್ಲಿ 768 ಚಿಕ್ಕ ಕೋರ್‌ಗಳಿವೆ. ಹೂವು ಹಾಕಿಕೊಳ್ಳಲು ಆಳುಗಳಿಗೆ ಮಂಕರಿ ಬೇಕಲ್ಲ, ಹಾಗೆ ಕಾರ್ಡಿಗೂ ಸ್ವಂತ ಮೆಮೊರಿ ಇರುತ್ತೆ. ಇದಕ್ಕೆ 4 ಜಿಬಿ.

ಇನ್ನೊಂದು ವಿಷಯ. ಆ ಐವತ್ತು ಆಳನ್ನು ಒಂದು ಪಂಪ್‌ಸೆಟ್ ರಿಪೇರಿಗೆ ಬಿಟ್ಟರೆ ಬೇಗ ಆಗುತ್ತದೆಯೇ? ಆಗೋದಿಲ್ಲ. ಅದು ಒಂದಾದ ಮೇಲೆ ಒಂದು ಬಿಚ್ಚುವ ಕೆಲಸ. ಹಾಗೆಯೇ ಕಾರ್ಡ್ ಹಾಕಿದರೆ ಎಲ್ಲಾ ಕೆಲಸವೂ ಬೇಗ ಆಗೋದಿಲ್ಲ. ಲಕ್ಷಾಂತರ ಚುಕ್ಕೆಗೆ ಒಂದೇ ಲೆಕ್ಕ ಮಾಡುವ ಕೆಲಸ ಮಾತ್ರ ಬೇಗ ಆಗುತ್ತೆ.

ಸ್ವಲ್ಪ ಇತಿಹಾಸ

1981ರಲ್ಲಿ ಐಬಿಎಂ ಕಂಪನಿಯ ಪಿಸಿ ಬಂದಾಗಲೇ ಪರದೆಗೆ ಬೇರೆ ಕಾರ್ಡ್ ಹಾಕಬೇಕಿತ್ತು. ಒಂದು ಕಾರ್ಡಿನಲ್ಲಿ ಬರೀ ಅಕ್ಷರ ಕಾಣುತ್ತಿತ್ತು. ಇನ್ನೊಂದರಲ್ಲಿ ಬಣ್ಣದ ಚಿತ್ರ ಬರುತ್ತಿತ್ತು, ಆದರೆ 320 ಅಡ್ಡ, 200 ಉದ್ದ ಚುಕ್ಕೆ, ನಾಲ್ಕೇ ಬಣ್ಣ! 1999ರಲ್ಲಿ ಎನ್‌ವಿಡಿಯಾದವರು ಜಿಫೋರ್ಸ್ 256 ಎಂಬ ಕಾರ್ಡ್ ತಂದು ಅದರ ಚಿಪ್ಪನ್ನು ಜಿಪಿಯು ಎಂದು ಕರೆದರು. ಆ ಹೆಸರೇ ಉಳಿಯಿತು. ಕಾರ್ಡ್ ಕೂರುವ ಜಾಗವೂ ಬದಲಾಗುತ್ತಾ ಬಂತು. 1997ರಿಂದ ಎಜಿಪಿ ಎಂಬ ಸ್ಲಾಟ್ ಇತ್ತು. 2004ರಿಂದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ ಬೋರ್ಡುಗಳು ಬಂದವು. ಈಗಲೂ ಇರುವುದು ಅದೇ ಸ್ಲಾಟ್.

ಕೊಳ್ಳುವ ಮೊದಲು ನೋಡಬೇಕಾದದ್ದು

ಚಿಕ್ಕಪ್ಪ ಬೆಂಗಳೂರಿಗೆ ಹೋಗುವ ಮೊದಲೇ ಡಬ್ಬ ಬಿಚ್ಚಿ ಮೂರು ವಿಷಯ ನೋಡಿದ್ದರು.

ಒಂದನೆಯದು, ಮದರ್‌ಬೋರ್ಡಿನಲ್ಲಿ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇದೆಯೇ ಎಂದು. ಇತ್ತು.

ಎರಡನೆಯದು, ಕಾರ್ಡ್ ಕೂರುವಷ್ಟು ಜಾಗ ಇದೆಯೇ ಎಂದು. ಸ್ಲಾಟಿನಿಂದ ಎದುರಿನ ಹಾರ್ಡ್ ಡಿಸ್ಕಿನ ತನಕ ಟೇಪ್ ಹಿಡಿದು ಅಳೆದರು. ನಾನೇ ಬರೆದುಕೊಂಡೆ, 27 ಸೆಂಟಿಮೀಟರ್. ಸಾಕಾಯ್ತು.

ಮೂರನೆಯದು, ಕರೆಂಟ್ ಸಾಲುತ್ತದೆಯೇ ಎಂದು. ಡಬ್ಬದೊಳಗೆ ಒಂದು ಮೂಲೆಯಲ್ಲಿ ಎಸ್‌ಎಂಪಿಎಸ್ ಎಂಬ ಪೆಟ್ಟಿಗೆ ಇರುತ್ತೆ. ಗೋಡೆಯ ಕರೆಂಟನ್ನು ಇಳಿಸಿ ಎಲ್ಲಾ ಭಾಗಗಳಿಗೆ ಹಂಚುವುದು ಅದರ ಕೆಲಸ. ಅದರ ಮೇಲೆ 450 ವ್ಯಾಟ್ ಎಂದು ಚೀಟಿ ಅಂಟಿಸಿತ್ತು. ನಮ್ಮ ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಬೇಕು. ಆ ಸ್ಲಾಟೇ 75 ವ್ಯಾಟ್ ತನಕ ಕೊಡುತ್ತೆ. ಅದಕ್ಕೇ ಈ ಕಾರ್ಡಿಗೆ ಬೇರೆ ವೈರು ಬೇಕಾಗಲಿಲ್ಲ. ಇದಕ್ಕಿಂತ ದೊಡ್ಡ ಕಾರ್ಡುಗಳಿಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ ವೈರು ಕೊಡಬೇಕು. ಆರು ಪಿನ್ನಿನ ವೈರು ಇನ್ನೊಂದು 75 ವ್ಯಾಟ್, ಎಂಟು ಪಿನ್ನಿನದು 150 ವ್ಯಾಟ್ ಕೊಡುತ್ತೆ. ಪ್ರೊಸೆಸರಿಗೆ ಹೋಗುವ ಎಂಟು ಪಿನ್ನಿನ ವೈರೂ ನೋಡೋಕೆ ಹಾಗೇ ಇರುತ್ತೆ. ಅದನ್ನು ತಂದು ಕಾರ್ಡಿಗೆ ಒತ್ತಬಾರದು, ಸುಟ್ಟುಹೋಗಬಹುದು. ಯುಪಿಎಸ್ ಮೇಲೆ 360 ವ್ಯಾಟ್ ಎಂದಿತ್ತು. ಅದೂ ತಡೆಯುತ್ತೆ ಎಂದು ಚಿಕ್ಕಪ್ಪ ಲೆಕ್ಕ ಹಾಕಿದರು.

ನೋಡಬೇಕಾದ ನಾಲ್ಕನೆಯದು ಒಂದಿತ್ತು. ಅದನ್ನು ನಾವಿಬ್ಬರೂ ಮರೆತೆವು. ಅದೇನೆಂದು ಮುಂದೆ ಗೊತ್ತಾಗುತ್ತೆ.

ಬೇಕಾದ ಸಾಮಗ್ರಿಗಳು

ಗ್ರಾಫಿಕ್ಸ್ ಕಾರ್ಡ್, ನಕ್ಷತ್ರದ ತುದಿಯ ಸ್ಕ್ರೂಡ್ರೈವರ್, ಒಣಗಿದ ಬಣ್ಣ ಬಳಿಯುವ ಬ್ರಷ್, ಟಾರ್ಚು, ತಿರುಪು ಕಳೆಯದಂತೆ ಹಾಕಿಡಲು ಒಂದು ಸ್ಟೀಲ್ ಬಟ್ಟಲು, ಟಾರ್ಚು ಹಿಡಿಯಲು ಒಬ್ಬರು. ಆ ಒಬ್ಬರು ನಾನು.

ಮಾಡುವ ವಿಧಾನ

1. ಕಂಪ್ಯೂಟರನ್ನು ಸರಿಯಾಗಿ ಮುಚ್ಚಿ, ಸ್ವಿಚ್ ಆರಿಸಿ, ಕರೆಂಟಿನ ವೈರನ್ನೇ ಕಿತ್ತೆವು. ಆಮೇಲೆ ಆನ್ ಮಾಡುವ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದೆವು. ವೈರು ಕಿತ್ತರೂ ಒಳಗೆ ಸ್ವಲ್ಪ ಕರೆಂಟ್ ಉಳಿದಿರುತ್ತೆ, ಹೀಗೆ ಮಾಡಿದರೆ ಅದು ಖಾಲಿಯಾಗುತ್ತೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವತ್ತೂ ಬಿಚ್ಚಬಾರದು. ಅದರೊಳಗೆ ಉಳಿಯುವ ಕರೆಂಟ್ ಅಪಾಯ.

2. ಡಬ್ಬವನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ ಪಕ್ಕದ ತಗಡು ತೆಗೆದೆವು. ಒಳಗೆ ಧೂಳು ಅಂದರೆ ಧೂಳು! ಬ್ರಷ್‌ನಿಂದ ಗುಡಿಸಿದೆವು. ನಾನು ಬಾಯಲ್ಲಿ ಊದಲು ಹೋದೆ. "ಊದಬೇಡ ಕನಮ್ಮಿ, ಎಂಜಲು ಹಾರಿದ್ರೆ ತುಕ್ಕು ಹಿಡೀತದೆ" ಅಂದರು ಚಿಕ್ಕಪ್ಪ.

3. ಕಾರ್ಡ್ ಮುಟ್ಟುವ ಮೊದಲು ಇಬ್ಬರೂ ಡಬ್ಬದ ಬಣ್ಣವಿಲ್ಲದ ಕಬ್ಬಿಣವನ್ನು ಮುಟ್ಟಿದೆವು. ತಲೆಗೆ ಉಜ್ಜಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುವ ಪ್ರಯೋಗ ನಾವು ತರಗತಿಯಲ್ಲಿ ಮಾಡಿದ್ದೇವೆ. ಅದೇ ಸ್ಥಾಯಿ ವಿದ್ಯುತ್ತು ನಮ್ಮ ಮೈಯಲ್ಲೂ ಸೇರಿರುತ್ತೆ. ನಮಗೆ ಗೊತ್ತೇ ಆಗದಷ್ಟು ಚಿಕ್ಕ ಕಿಡಿಯೂ ಚಿಪ್ಪನ್ನು ಕೆಡಿಸಬಹುದು. ಕಬ್ಬಿಣ ಮುಟ್ಟಿದರೆ ಅದು ಅಲ್ಲಿಗೆ ಹರಿದುಹೋಗುತ್ತೆ.

4. ಡಬ್ಬದ ಹಿಂದೆ, ಸ್ಲಾಟಿನ ನೇರಕ್ಕೆ ಇರುವ ತಗಡಿನ ಪಟ್ಟಿಗಳನ್ನು ತೆಗೆದೆವು. ನಮ್ಮ ಕಾರ್ಡ್ ಎರಡು ಪಟ್ಟಿಯಷ್ಟು ದಪ್ಪ, ಆದ್ದರಿಂದ ಎರಡು ತೆಗೆದೆವು.

5. ಕಾರ್ಡನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಕೆಳಗೆ ಚಿನ್ನದ ಬಣ್ಣದ ಹಲ್ಲುಗಳಿರುತ್ತವೆ, ಅವನ್ನು ಮುಟ್ಟಬಾರದು. ಹಲ್ಲಿನ ನಡುವೆ ಒಂದು ಸಂದಿ ಇದೆ. ಸ್ಲಾಟಿನೊಳಗೂ ಅದೇ ಜಾಗದಲ್ಲಿ ಒಂದು ತಡೆ ಇದೆ. ಅದಕ್ಕೇ ಕಾರ್ಡನ್ನು ತಿರುಗಾಮುರುಗಾ ಹಾಕೋಕೆ ಆಗೋದಿಲ್ಲ. ನೇರವಾಗಿ ಮಡಗಿ ಎರಡು ತುದಿಯನ್ನೂ ಸಮನಾಗಿ ಒತ್ತಬೇಕು. ಸ್ಲಾಟಿನ ಕೊನೆಯ ಕೊಂಡಿ ಟಕ್ ಎಂದು ಕಚ್ಚಿಕೊಂಡರೆ ಸರಿಯಾಗಿ ಕೂತಿತು ಎಂದು ಅರ್ಥ. ನಮಗೆ ಎರಡನೇ ಸಲಕ್ಕೆ ಟಕ್ ಎಂದಿತು.

6. ಕಾರ್ಡಿನ ತಗಡನ್ನು ಡಬ್ಬಕ್ಕೆ ತಿರುಪು ಹಾಕಿ ಬಿಗಿ ಮಾಡಿದೆವು. ತಿರುಪು ಹಾಕದಿದ್ದರೆ ಭಾರಕ್ಕೆ ಕಾರ್ಡ್ ಜೋಲುತ್ತೆ.

7. ಯಾವ ವೈರೂ ಫ್ಯಾನಿಗೆ ತಾಗದ ಹಾಗೆ ನೋಡಿ, ತಗಡು ಮುಚ್ಚಿದೆವು. "ಹಿಂದಗಡೆ ವೈರೆಲ್ಲ ನೀನೇ ಸಿಕ್ಸು" ಎಂದು ಹೇಳಿ ಚಿಕ್ಕಪ್ಪ ಕೈ ತೊಳೆಯಲು ಹೋದರು. ನಾನು ಖುಷಿಯಿಂದ ಕರೆಂಟಿನದು, ಕೀಬೋರ್ಡಿನದು, ಮೌಸಿನದು, ಪರದೆಯದು ಎಲ್ಲ ಸಿಕ್ಕಿಸಿದೆ.

ಆಗಿದ್ದೇನು?

ಚಿಕ್ಕಪ್ಪ ಊದುಬತ್ತಿ ಹಚ್ಚಿ, ಗುಂಡಿ ಒತ್ತಿದರು. ಫ್ಯಾನು ತಿರುಗಿತು. ಬೀಪ್ ಎಂದು ಒಂದು ಸಲ ಶಬ್ದ ಬಂತು. ಪರದೆ ಮಾತ್ರ ಕತ್ತಲು. ಸಿಗ್ನಲ್ ಇಲ್ಲ ಎಂದು ಇಂಗ್ಲಿಷಿನಲ್ಲಿ ಬಂದು ಅದೂ ಆರಿಹೋಯಿತು. ಕಾರ್ಡ್ ತೆಗೆದು ಮತ್ತೆ ಕೂರಿಸಿದರು. ಅದೇ ಕತ್ತಲು. ಕಾರ್ಡ್ ಪೂರ್ತಿ ತೆಗೆದು ನೋಡಿದರು, ಮೊದಲಿನ ಹಾಗೆ ಪರದೆ ಬಂತು. ಕಾರ್ಡ್ ಹಾಕಿದರೆ ಕತ್ತಲು. ಹೀಗೆ ರಾತ್ರಿ ಒಂಬತ್ತು ಗಂಟೆ ಆಯಿತು.

"ಕಾರ್ಡೇ ಸತ್ತೋಗದೆ. ಸತ್ತಿರೋದ ಕೊಟ್ಟವ್ರೆ" ಎಂದು ಚಿಕ್ಕಪ್ಪ ತಲೆ ಮೇಲೆ ಕೈ ಹೊತ್ತು ಕೂತರು. ಅವ್ವ ಏನೂ ಅನ್ನಲಿಲ್ಲ. ಸೋಮವಾರ ಸಂಘದ ಕಂತು ಕಟ್ಟಬೇಕು ಎಂದು ಮಾತ್ರ ಮೆಲ್ಲಗೆ ಹೇಳಿದರು. ಮಾರನೆ ದಿನ ಮೊದಲ ಬಸ್ಸಿಗೆ ಮತ್ತೆ ಬೆಂಗಳೂರಿಗೆ ಹೋಗಿ ಅಂಗಡಿಯವರ ಹತ್ತಿರ ಜಗಳ ಆಡುವುದು ಎಂದು ತೀರ್ಮಾನ ಆಯಿತು. ಕಾರ್ಡನ್ನು ಮತ್ತೆ ಪೊಟ್ಟಣ ಕಟ್ಟಿದರು.

ನನಗೆ ಊಟ ಸೇರಲಿಲ್ಲ. ಏಕೆಂದರೆ ಒಂದು ವಿಷಯ ನನಗೆ ಮಾತ್ರ ಗೊತ್ತಿತ್ತು. ಪರದೆಯ ವೈರು ಸಿಕ್ಕಿಸುವಾಗ ಅದರ ನೀಲಿ ಬಣ್ಣದ ತುದಿ ಕಾರ್ಡಿನ ಯಾವ ತೂತಿಗೂ ಹಿಡಿಯಲಿಲ್ಲ. ಮೇಲೆ ಮೊದಲು ಇದ್ದ ನೀಲಿ ಜಾಗಕ್ಕೆ ಸರಿಯಾಗಿ ಹಿಡಿಯಿತು. ಅಲ್ಲಿಗೇ ಸಿಕ್ಕಿಸಿದ್ದೆ. ಚಿಕ್ಕಪ್ಪನೂ ಕಾರ್ಡನ್ನೇ ತೆಗೆದು ಹಾಕುತ್ತಿದ್ದರೇ ಹೊರತು, ಹಿಂದಿನ ವೈರನ್ನು ಎಲ್ಲಿದ್ದದ್ದು ಅಲ್ಲಿಗೇ ಸಿಕ್ಕಿಸುತ್ತಿದ್ದರು. ಅದು ತಪ್ಪೋ ಸರಿಯೋ ನನಗೆ ತಿಳಿಯದು. ಹೇಳಿದರೆ ಬೈಯುತ್ತಾರೆ ಎಂದು ಸುಮ್ಮನಿದ್ದೆ.

ಅಷ್ಟರಲ್ಲಿ ಅಜ್ಜಿ, "ಟಿವಿಲಿ ಏನೂ ಬತ್ತಾ ಇಲ್ವಲ್ಲ, ಆ ವೈರ ಸ್ವಲ್ಪ ಅಲ್ಲಾಡ್ಸವ್ವ" ಅಂತು. ನಾನು ಟಿವಿ ಹಿಂದೆ ಟಾರ್ಚು ಬಿಟ್ಟು ನೋಡಿದೆ. ಡಿಶ್‌ನ ಪೆಟ್ಟಿಗೆಯಿಂದ ಟಿವಿಗೆ ಬರುವ ವೈರು ಸಡಿಲವಾಗಿತ್ತು. ಅದನ್ನು ಕಿತ್ತು ಅದರ ತುದಿ ನೋಡಿದೆ. ಚಪ್ಪಟೆಯಾಗಿ, ಕೆಳಗೆ ಎರಡು ಮೂಲೆ ಕತ್ತರಿಸಿದ ಹಾಗೆ ಇತ್ತು. ಈ ಆಕಾರವನ್ನು ಸಂಜೆ ತಾನೇ ನೋಡಿದ್ದೆ! ಕಾರ್ಡಿನ ಹಿಂದೆ ಇದೇ ಆಕಾರದ ತೂತು ಇತ್ತು.

ಆಗ ಧೈರ್ಯ ಮಾಡಿ ಚಿಕ್ಕಪ್ಪನ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟೆ. ಇನ್ನೊಂದನ್ನೂ ಹೇಳಿದೆ. ಪರದೆ ಕತ್ತಲಿದ್ದಾಗ ಕೀಬೋರ್ಡಿನ ನಮ್ ಲಾಕ್ ಒತ್ತಿದರೆ ಅದರ ದೀಪ ಹತ್ತುತ್ತಿತ್ತು, ಮತ್ತೆ ಒತ್ತಿದರೆ ಆರುತ್ತಿತ್ತು. ಕಂಪ್ಯೂಟರ್ ಸತ್ತಿದ್ದರೆ ಅದು ಹೇಗೆ ಹತ್ತುತ್ತೆ? ಚಿಕ್ಕಪ್ಪ ಒಂದು ಗಳಿಗೆ ನನ್ನನ್ನೇ ನೋಡಿದರು. ಬೈಯಲಿಲ್ಲ. "ತಕ್ಕ ಬಾ ಆ ವೈರ" ಅಂದರು.

ಕಾರ್ಡನ್ನು ಮತ್ತೆ ಕೂರಿಸಿ, ಕಂಪ್ಯೂಟರನ್ನು ಹೊತ್ತುಕೊಂಡು ಹೋಗಿ ಟಿವಿ ಮುಂದೆ ಮಡಗಿದೆವು. ಆ ವೈರಿನ ಒಂದು ತುದಿ ಕಾರ್ಡಿಗೆ, ಇನ್ನೊಂದು ತುದಿ ಟಿವಿಗೆ. ಗುಂಡಿ ಒತ್ತಿದರು. ಬೀಪ್ ಎಂದಿತು. ಟಿವಿಯ ಮೇಲೆ ಚಿಕ್ಕಪ್ಪನ ಕಂಪ್ಯೂಟರಿನ ಚಿತ್ರ ಬಂತು! ಕಾರ್ಡ್ ಸತ್ತಿರಲಿಲ್ಲ. ಅಂಗಡಿಯವರು ಮೋಸ ಮಾಡಿರಲಿಲ್ಲ. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಅಜ್ಜಿಗೆ ಮಾತ್ರ ಆವತ್ತು ಧಾರಾವಾಹಿ ತಪ್ಪಿತು.

ಏಕೆ ಹೀಗಾಯಿತು?

ಕಾರ್ಡ್ ಇಲ್ಲದಿದ್ದಾಗ ಪರದೆಯ ಕೆಲಸವನ್ನು ಪ್ರೊಸೆಸರಿನ ಒಂದು ಭಾಗವೇ ಮಾಡುತ್ತೆ. ಚಿತ್ರ ಮದರ್‌ಬೋರ್ಡಿನ ನೀಲಿ ಜಾಗದಿಂದ ಹೊರಗೆ ಬರುತ್ತೆ. ಕಾರ್ಡ್ ಕೂರಿಸಿದ ಕೂಡಲೇ ಬಹಳಷ್ಟು ಬೋರ್ಡುಗಳು ಆ ಭಾಗವನ್ನು ನಿಲ್ಲಿಸಿ, ಚಿತ್ರವನ್ನು ಕಾರ್ಡಿನ ಕಡೆಯಿಂದ ಕಳಿಸುತ್ತವೆ. ನೀರು ಹೊಸ ಕಾಲುವೆಯಲ್ಲಿ ಹರಿಯುತ್ತಿದೆ, ನಾವು ಹಳೆ ಕಾಲುವೆಯಲ್ಲಿ ಬಿಂದಿಗೆ ಹಿಡಿದು ಕೂತಿದ್ದೆವು.

ನೀಲಿ ತುದಿಯ ವೈರಿಗೆ ವಿಜಿಎ ಎಂದು ಹೆಸರು. ಅದು ಐಬಿಎಂನವರು 1987ರಲ್ಲಿ ತಂದದ್ದು. ಟಿವಿಯ ವೈರು ಎಚ್‌ಡಿಎಂಐ. ವಿಜಿಎಯಲ್ಲಿ ಚಿತ್ರ ಅಲೆಯ ಹಾಗೆ ಏರಿಳಿಯುವ ಕರೆಂಟಾಗಿ ಹೋಗುತ್ತೆ. ಎಚ್‌ಡಿಎಂಐಯಲ್ಲಿ ಸೊನ್ನೆ ಮತ್ತು ಒಂದರ ಅಂಕಿಗಳಾಗಿ ಹೋಗುತ್ತೆ. ನಮ್ಮ ಕಾರ್ಡಿನಿಂದ ಬರೀ ಅಂಕಿಗಳೇ ಬರುವುದು, ವಿಜಿಎ ಇಲ್ಲವೇ ಇಲ್ಲ. ಆದ್ದರಿಂದ ಎರಡು ತುದಿಯನ್ನು ಬರೀ ಜೋಡಿಸುವ ಪಿನ್ನು ಸಾಲದು. ಅಂಕಿಯನ್ನು ಅಲೆ ಮಾಡಿಕೊಡುವ ಚಿಪ್ಪು ಇರುವ ಕನ್ವರ್ಟರ್ ಬೇಕು. ಮಾರನೆ ದಿನ ಚಿಕ್ಕಪ್ಪ ಬೆಂಗಳೂರಿಗೆ ಹೋಗಲಿಲ್ಲ, ಗುಂಡ್ಲುಪೇಟೆಗೆ ಹೋಗಿ ಮುನ್ನೂರು ರೂಪಾಯಿಗೆ ಅದನ್ನು ತಂದರು. ಹಳೆ ಪರದೆಯೇ ನಡೆಯಿತು.

ನೋಡಬೇಕಾದ ನಾಲ್ಕನೆಯ ವಿಷಯ ಇದೇ. ಕಾರ್ಡಿನ ಹಿಂದೆ ಯಾವ ತೂತುಗಳಿವೆ, ನಮ್ಮ ಪರದೆಯ ವೈರು ಯಾವುದು, ಇವೆರಡೂ ಹೊಂದುತ್ತವೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು.

ಡ್ರೈವರ್ ಹಾಕುವುದು

ಪರದೆ ಬಂದರೂ ಕೆಲಸ ಮುಗಿಯಲಿಲ್ಲ. ಅಕ್ಷರವೆಲ್ಲ ದಪ್ಪ ದಪ್ಪ ಕಾಣುತ್ತಿತ್ತು, ವೀಡಿಯೋ ತಡವರಿಸುತ್ತಿತ್ತು. ಆಳುಗಳು ಹೊಲಕ್ಕೆ ಬಂದಿದ್ದಾರೆ, ಆದರೆ ಅವರ ಭಾಷೆ ಮೇಸ್ತ್ರಿಗೆ ಬರೋದಿಲ್ಲ ಅಂದುಕೊಳ್ಳಿ. ನಡುವೆ ಮಾತು ತಿಳಿಸುವವರು ಒಬ್ಬರು ಬೇಕು. ಕಂಪ್ಯೂಟರಿನಲ್ಲಿ ಆ ಕೆಲಸ ಮಾಡುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು ನೋಡಿದರೆ, ನಮ್ಮ ಕಾರ್ಡಿನ ಹೆಸರು ಇರಬೇಕಾದ ಕಡೆ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದಿತ್ತು. ಅಂದರೆ ಡ್ರೈವರ್ ಇನ್ನೂ ಬಂದಿಲ್ಲ ಎಂದರ್ಥ.

ಚಿಕ್ಕಪ್ಪ ಮೊಬೈಲಿನ ಇಂಟರ್ನೆಟ್ಟನ್ನು ಕಂಪ್ಯೂಟರಿಗೆ ಕೊಟ್ಟು, ಕಾರ್ಡ್ ಮಾಡಿದ ಕಂಪನಿಯ ತಾಣದಿಂದಲೇ ಡ್ರೈವರ್ ಇಳಿಸಿಕೊಂಡರು. ಕಾರ್ಡಿನ ಮಾದರಿಯ ಹೆಸರು ಮತ್ತು ವಿಂಡೋಸ್ ಯಾವುದು ಎಂದು ಸರಿಯಾಗಿ ಆರಿಸಬೇಕು. ಬೇರೆ ಬೇರೆ ಕಡೆ ಸಿಗುವುದನ್ನು ಇಳಿಸಬಾರದು, ವೈರಸ್ ಬರುತ್ತೆ. ಹಳೆಯ ಕಾರ್ಡುಗಳಿಗೆ ಕೆಲವು ವರ್ಷ ಆದ ಮೇಲೆ ಕಂಪನಿಯವರು ಹೊಸ ಡ್ರೈವರ್ ಮಾಡುವುದನ್ನು ನಿಲ್ಲಿಸುತ್ತಾರೆ. ಆಗ ಆ ಕಾರ್ಡಿಗೆಂದು ಕೊನೆಗೆ ಬಂದದ್ದನ್ನೇ ಹಾಕಬೇಕು. ಹಾಕುವಾಗ ಪರದೆ ಎರಡು ಮೂರು ಸಲ ಕಪ್ಪಾಗಿ ಮತ್ತೆ ಬಂತು. ನನಗೆ ಎದೆ ಹೊಡೆದುಕೊಂಡಿತು. ಅದು ಸಹಜವಂತೆ. ಆರಿಸಿ ಮತ್ತೆ ಆನ್ ಮಾಡಿದಾಗ ಪರದೆ ಚೊಕ್ಕವಾಗಿತ್ತು, ಕಾರ್ಡಿನ ಹೆಸರೂ ಬಂದಿತ್ತು.

ಕೊನೆಯದಾಗಿ, ವೀಡಿಯೋ ಜೋಡಿಸುವ ತಂತ್ರಾಂಶದ ಸೆಟ್ಟಿಂಗ್ಸ್‌ಗೆ ಹೋಗಿ ಕಾರ್ಡನ್ನು ಬಳಸು ಎಂದು ಗುರುತು ಹಾಕಬೇಕು. ಇದನ್ನು ಮರೆತರೆ ಆಳುಗಳು ಬದುವಿನ ಮೇಲೆ ಕೂತಿರುತ್ತಾರೆ, ಮೇಸ್ತ್ರಿ ಒಬ್ಬನೇ ದುಡಿಯುತ್ತಾನೆ. ವೀಡಿಯೋವನ್ನು ಒತ್ತಿ ಚಿಕ್ಕ ಕಡತ ಮಾಡುವುದಕ್ಕೇ ಈ ಕಾರ್ಡಿನಲ್ಲಿ ಒಂದು ಪ್ರತ್ಯೇಕ ಭಾಗ ಇದೆ. ಅದನ್ನೂ ಆರಿಸಿದರು. ಆವತ್ತು ರಾತ್ರಿ ಎಂಟಕ್ಕೆ ಹಾಕಿದ ಮದುವೆ ವೀಡಿಯೋ ಹತ್ತು ಗಂಟೆಯೊಳಗೆ ಮುಗಿಯಿತು. ಮೊದಲು ಇಡೀ ರಾತ್ರಿ ಬೇಕಾಗುತ್ತಿತ್ತು. ದೀಪಾವಳಿಗೆ ಕೊಡುತ್ತೇನೆ ಎಂದಿದ್ದನ್ನು ಚಿಕ್ಕಪ್ಪ ಒಂದು ವಾರ ಮೊದಲೇ ಕೊಟ್ಟು ಬಂದರು. ಸಂಘದ ಕಂತೂ ಕಟ್ಟಿದೆವು.

ಬೇರೆ ಕಡೆ ಈ ಚಿಪ್ಪಿನ ಕೆಲಸ

ಒಂದೇ ಲೆಕ್ಕವನ್ನು ಲಕ್ಷಾಂತರ ಸಲ ಮಾಡುವ ಈ ಗುಣದಿಂದ ಜಿಪಿಯುಗಳು ವಿಜ್ಞಾನದಲ್ಲೂ ಬಳಕೆಯಾಗುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಎಂಬ ಮಹಾಗಣಕದಲ್ಲಿ ಪ್ರೊಸೆಸರುಗಳ ಜೊತೆಗೆ ಜಿಪಿಯು ಕಾರ್ಡುಗಳೂ ಇವೆ.

ನಮ್ಮ ಪಕ್ಕದ ಬಂಡೀಪುರ ಕಾಡಿನಂಥ ಕಡೆ ಮರಕ್ಕೆ ಕ್ಯಾಮೆರಾ ಕಟ್ಟಿ ಹುಲಿ ಎಣಿಸುತ್ತಾರೆ. 2018ರ ಗಣತಿಯಲ್ಲಿ ದೇಶದ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದರು. ಬಂದ ಚಿತ್ರಗಳು 3,48,58,623. ಅದರಲ್ಲಿ ಹುಲಿಯದು 76,651 ಮಾತ್ರ. ಉಳಿದದ್ದೆಲ್ಲ ಜಿಂಕೆ, ಆನೆ, ದನ, ಮನುಷ್ಯರು, ಅಲ್ಲಾಡಿದ ಹುಲ್ಲು ಹೀಗೆ ಏನೇನೋ. ಒಬ್ಬ ಮನುಷ್ಯ ಸೆಕೆಂಡಿಗೆ ಒಂದು ಚಿತ್ರದಂತೆ ನಿದ್ದೆ ಇಲ್ಲದೆ ನೋಡಿದರೂ 403 ದಿನ ಬೇಕು. ಇದು ನಾನೇ ಭಾಗಾಕಾರ ಮಾಡಿದ್ದು. ಅದಕ್ಕೇ ಯಾವ ಪ್ರಾಣಿ ಎಂದು ಚಿತ್ರ ವಿಂಗಡಿಸಲು ಕಂಪ್ಯೂಟರಿಗೆ ಕಲಿಸಿದ್ದರು. ಕಂಪ್ಯೂಟರಿಗೆ ಹೀಗೆ ಚಿತ್ರ ಗುರುತಿಸಲು ಕಲಿಸುವಾಗಲೂ ಚುಕ್ಕೆ ಚುಕ್ಕೆಗೆ ಲೆಕ್ಕ ಮಾಡಬೇಕು. ಜಿಪಿಯು ಬೇಕಾಗುವುದು ಇಂಥ ಕೆಲಸಕ್ಕೇ.

ನಮ್ಮ ಶಾಲೆಯ ಕಂಪ್ಯೂಟರಿಗೂ ಬೇಕೇ?

ನಾನು ಮೇಷ್ಟ್ರನ್ನು ಕೇಳಿದೆ. "ನಾವು ಅದ್ರಲ್ಲಿ ಏನೇನು ಮಾಡ್ತೀವಿ ಹೇಳು" ಅಂದರು. ಕನ್ನಡ ಟೈಪ್ ಮಾಡುತ್ತೇವೆ, ಅಂಕಪಟ್ಟಿ ಮಾಡುತ್ತೇವೆ, ಪಾಠದ ವೀಡಿಯೋ ನೋಡುತ್ತೇವೆ. ಇದಕ್ಕೆಲ್ಲ ಒಳಗೆ ಇರುವುದೇ ಸಾಕು. ಹತ್ತು ಮೊಳ ಹೂವು ಕಟ್ಟಲು ಐವತ್ತು ಆಳು ಕರೆಯೋದಿಲ್ಲವಲ್ಲ. ಮೊದಲು ಕೆಲಸ ಏನು ಎಂದು ನೋಡಿ, ಆಮೇಲೆ ದುಡ್ಡು ಬಿಚ್ಚಬೇಕು.

ನೆನಪಿಡಿ

ಪರದೆ ಬರಲಿಲ್ಲ ಎಂದರೆ ಕಾರ್ಡ್ ಸತ್ತಿತು ಎಂದು ಕೂಡಲೇ ಹೇಳಬೇಡಿ. ಕಾರ್ಡಿಗೆ ಬೇಕಾದದ್ದು ನಾಲ್ಕು: ಕೂರಲು ಸ್ಲಾಟ್, ಸಾಲುವಷ್ಟು ಕರೆಂಟ್, ಸರಿಯಾದ ಜಾಗಕ್ಕೆ ಪರದೆಯ ವೈರು, ಅದರದೇ ಡ್ರೈವರ್. ಈ ನಾಲ್ಕನ್ನೂ ಮೊದಲಿಂದ ಒಂದೊಂದಾಗಿ ನೋಡಿ. ಬೀಪ್ ಎಂದಿತೇ, ಫ್ಯಾನು ತಿರುಗಿತೇ, ನಮ್ ಲಾಕ್ ದೀಪ ಹತ್ತಿತೇ ಎಂದು ಗಮನಿಸಿ. ದೊಡ್ಡವರು ಇಲ್ಲದೆ ಡಬ್ಬ ಬಿಚ್ಚಬೇಡಿ.

ಇನ್ನೊಂದು ಮಾತು ನನಗೆ ನಾನೇ ಹೇಳಿಕೊಂಡದ್ದು. ನೀವು ಮಾಡಿದ ಕೆಲಸದಲ್ಲಿ ಅನುಮಾನ ಬಂದರೆ ಅವತ್ತೇ ಹೇಳಿಬಿಡಿ. ನಾನು ಒಂದು ರಾತ್ರಿ ಸುಮ್ಮನಿದ್ದಿದ್ದರೆ, ಚಿಕ್ಕಪ್ಪ ತಪ್ಪು ಮಾಡದ ಅಂಗಡಿಯವರ ಜೊತೆ ಜಗಳ ಆಡಿ ಬರುತ್ತಿದ್ದರು.

ಬರೆದಿದ್ದರಲ್ಲಿ ತಪ್ಪಿದ್ದರೆ ಗುರುಗಳು ಕೆಂಪು ಶಾಯಿಯಲ್ಲಿ ತಿದ್ದಬೇಕಾಗಿ ವಿನಂತಿ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ, ಹಂಗಳ